ಪ್ರಪಂಚದ ಇತಿಹಾಸಕ್ಕೆ ಪುಸ್ತಕ ಆರಿಸೋಕೆ ಹೊರಟಾಗ

ನಮ್ಮದು ಮಂಡ್ಯ ಜಿಲ್ಲೇಲಿ, ಶ್ರೀರಂಗಪಟ್ಟಣಕ್ಕೆ ಹತ್ತಿರ ಇರೋ ಒಂದು ಸರ್ಕಾರಿ ಪಿಯು ಕಾಲೇಜು. ಹೈಸ್ಕೂಲೂ ಅದೇ ಕಾಂಪೌಂಡಲ್ಲಿದೆ, ಲೈಬ್ರರಿ ಅಂತ ಇರೋದು ಎರಡಕ್ಕೂ ಸೇರಿ ಒಂದೇ ರೂಮು. ನಾನಿಲ್ಲಿ ಇತಿಹಾಸ ಪಾಠ ಮಾಡ್ತೀನಿ. ಹೊರಗಿನೋರಿಗೆ ಅಷ್ಟಾಗಿ ಗೊತ್ತಿರಲ್ಲ, ಫಸ್ಟ್ ಪಿಯುಸಿ ಇತಿಹಾಸ ಅಂದ್ರೆ ನಮ್ಮಲ್ಲಿ ಪ್ರಪಂಚದ ಇತಿಹಾಸ, ಆದಿಮಾನವನಿಂದ ಹಿಡಿದು ಈಜಿಪ್ಟು, ಮೆಸೊಪೊಟೇಮಿಯಾ, ಗ್ರೀಸು, ರೋಮು, ಕ್ರೈಸ್ತ ಧರ್ಮ, ಇಸ್ಲಾಂ, ಪುನರುಜ್ಜೀವನ, ಫ್ರೆಂಚ್ ಕ್ರಾಂತಿ, ಎರಡು ಮಹಾಯುದ್ಧ, ಎಲ್ಲಾ ಒಂದೇ ವರ್ಷದಲ್ಲಿ ಮುಗೀಬೇಕು. ಅಷ್ಟು ಓಡಿದ್ರೆ ಯಾವ ಊರೂ ಸರಿಯಾಗಿ ಕಾಣ್ಸಲ್ಲ. ಮಕ್ಕಳು ಇಸವಿ ಬಾಯಿಪಾಠ ಮಾಡ್ತವೆ, ಪರೀಕ್ಷೆ ಬರೀತವೆ, ಮುಂದಿನ ಜೂನಲ್ಲಿ ಕೇಳಿದ್ರೆ ಒಂದೂ ಉಳಿದಿರಲ್ಲ. ಅದಕ್ಕೇ ಟೆಕ್ಸ್ಟ್‌ಬುಕ್ ಪಕ್ಕ ಇಟ್ಕೊಂಡು ಓದೋಕೆ ಒಳ್ಳೇ ಪುಸ್ತಕ ಬೇಕು ಅಂತ ನಂಗೆ ತುಂಬಾ ದಿನದಿಂದ ಆಸೆ ಇತ್ತು.

ಹಳೇ ವಿದ್ಯಾರ್ಥಿಗಳ ಬಳಗದೋರು ಲೈಬ್ರರಿಗೆ ಅಂತ 30 ಸಾವಿರ ರೂಪಾಯಿ ಕೊಟ್ರು. ಪ್ರಿನ್ಸಿಪಾಲ್ರು ಕರೆದು, “ಮೇಡಂ, ಇದರಲ್ಲಿ ಅರ್ಧ ಇತಿಹಾಸಕ್ಕೆ ಇಟ್ಕೊಳಿ, ಯಾವ್ ಪುಸ್ತಕ ಅಂತ ನೀವೇ ನೋಡಿ” ಅಂದ್ರು. 15 ಸಾವಿರ ನಮಗೆ ದೊಡ್ಡ ದುಡ್ಡೇ. ಆ ದುಡ್ಡು ಕೊಟ್ಟೋರಲ್ಲಿ ಗಾರ್ಮೆಂಟ್ಸಲ್ಲಿ ಕೆಲಸ ಮಾಡೋರಿದ್ದಾರೆ, ಬಿಎಂಟಿಸಿ ಕಂಡಕ್ಟರ್ ಇದ್ದಾರೆ, ಹಾಗಾಗಿ ಒಂದೊಂದು ಪುಸ್ತಕಾನೂ ಮಕ್ಕಳು ನಿಜವಾಗ್ಲೂ ಓದೋ ಹಂಗೇ ಇರಬೇಕು ಅಂತ ನಂಗೆ ಗಟ್ಟಿಯಾಗಿತ್ತು.

ಮೊದಲು ಬೀರು ಬೀಗ ತೆಗೆದು ಏನಿದೆ ನೋಡಿದ್ವಿ, ನಾನೂ ನಮ್ಮ ಕನ್ನಡ ಮೇಷ್ಟ್ರೂ. ಪ್ರಪಂಚದ ಇತಿಹಾಸ ಅಂತ ಸಿಕ್ಕಿದ್ದು ಹಳೇ ಸಿಲಬಸ್ ಗೈಡುಗಳು, ಬೆನ್ನು ಕಿತ್ತೋದ ಒಂದು ಯುರೋಪಿನ ಇತಿಹಾಸ, ಒಂದು ಮ್ಯಾಪಿನ ಪುಸ್ತಕ, ಅದರಲ್ಲಿ ಇನ್ನೂ ಸೋವಿಯತ್ ಒಕ್ಕೂಟ ಇತ್ತು, 1991ರಲ್ಲೇ ಒಡೆದುಹೋದ ದೇಶ. ಅದನ್ನ ಮಾತ್ರ ನಾನು ಎಸೀಲಿಲ್ಲ, ಹೊಸ ಮ್ಯಾಪ್ ಪಕ್ಕ ಇಟ್ಟು ತೋರಿಸಿದ್ರೆ ಗಡಿ ಅನ್ನೋದು ಹೆಂಗೆ ಬದಲಾಗುತ್ತೆ ಅಂತ ಒಂದು ಪೀರಿಯಡ್ಡಿನ ಪಾಠ ಅದು.

ಆಮೇಲೆ ಮಕ್ಕಳನ್ನೇ ಕೇಳೋಣ ಅನ್ಸ್ತು. ಒಂಬತ್ತನೇ ಕ್ಲಾಸಿಂದ ಫಸ್ಟ್ ಪಿಯುಸಿವರೆಗೆ ಎಲ್ಲರಿಗೂ ಚೀಟಿ ಕೊಟ್ಟು, ಪ್ರಪಂಚದ ಬಗ್ಗೆ ನಿಮಗೆ ಏನು ಗೊತ್ತಾಗಬೇಕು ಅಂತ ಬರೀರಿ, ಹೆಸರು ಬೇಡ ಅಂದೆ. ಬಂದ ಚೀಟಿಗಳನ್ನ ಈಗ್ಲೂ ಇಟ್ಕೊಂಡಿದ್ದೀನಿ. “ಪಿರಮಿಡ್ ಕಟ್ಟಿದೋರಿಗೆ ಕೂಲಿ ಕೊಟ್ರಾ?” “ಇಂಗ್ಲೆಂಡು ಅಷ್ಟು ಚಿಕ್ಕದು, ಅದೆಂಗೆ ಎಲ್ಲರನ್ನೂ ಆಳ್ತು?” “ಹಿಟ್ಲರ್‌ನ ಯಾರೂ ಯಾಕೆ ತಡೀಲಿಲ್ಲ?” “ಆಫ್ರಿಕಾದೋರು ಯಾಕೆ ಬಡವ್ರು?” “ರಾಜ್ರು ಯುದ್ಧಕ್ಕೆ ಹೋದ್ರೆ ಹೊಲ ಯಾರ್ ನೋಡ್ಕೊತಿದ್ರು?” ಕೊನೇ ಪ್ರಶ್ನೆ ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ, ಯಾಕಂದ್ರೆ ಅಷ್ಟು ದೊಡ್ಡ ದೊಡ್ಡ ಪುಸ್ತಕಗಳಲ್ಲಿ ಎಷ್ಟೋ ಪುಸ್ತಕಕ್ಕೆ ಆ ಪ್ರಶ್ನೆ ಹೊಳೆದೇ ಇಲ್ಲ. ಈ ಚೀಟಿಗಳೇ ನನಗೆ ಅಳತೆ ಆಯ್ತು. ಪುಸ್ತಕ ತೆಗೆದ್ರೆ ಇವುಗಳಲ್ಲಿ ಒಂದೆರಡಕ್ಕಾದ್ರೂ ಉತ್ತರ ಸಿಗಬೇಕು, ಇಲ್ಲಾಂದ್ರೆ ಬೇಡ.

ಕಾಲೇಜು ಅಭಿವೃದ್ಧಿ ಸಮಿತಿ ಮೀಟಿಂಗಲ್ಲಿ ಒಬ್ಬರು ಹಿರಿಯರು, “ಅಲ್ಲ ಕಣಮ್ಮ, ಪರೀಕ್ಷೆಗೆ ಬರೋ ಪುಸ್ತಕ ತಗೊಂಡ್ರೆ ಐಕ್ಳಿಗೆ ಅನುಕೂಲ ಅಲ್ವ” ಅಂದ್ರು. ಅವರು ಹೇಳಿದ್ರಲ್ಲೂ ನ್ಯಾಯ ಇದೆ, ನಮ್ಮ ಮಕ್ಕಳಿಗೆ ಪಾಸಾಗೋದೂ ಮುಖ್ಯನೇ. ಕೊನೆಗೆ ಸ್ವಲ್ಪ ದುಡ್ಡು ಪ್ರಶ್ನೆಪತ್ರಿಕೆ ಬಂಡಲ್‌ಗೆ, ಉಳಿದಿದ್ದೆಲ್ಲ ಓದೋ ಪುಸ್ತಕಕ್ಕೆ ಅಂತ ಆಯ್ತು.

ಮೈಸೂರಿಗೆ ಹೋದೆ. ಸಯ್ಯಾಜಿರಾವ್ ರಸ್ತೆ, ದೇವರಾಜ ಅರಸು ರಸ್ತೆ ಕಡೆ ಅಂಗಡಿಗಳನ್ನೆಲ್ಲ ನೋಡ್ದೆ, ಮಾನಸಗಂಗೋತ್ರೀಲಿ ವಿಶ್ವವಿದ್ಯಾನಿಲಯದ ಪುಸ್ತಕ ಪ್ರಕಟಿಸೋ ಪ್ರಸಾರಾಂಗಕ್ಕೂ ಹೋದೆ. ಪ್ರಪಂಚದ ಇತಿಹಾಸ ಕೊಡಿ ಅಂದ್ರೆ ಅಂಗಡೀಲಿ ಮೊದಲು ತೆಗೆದು ಇಡೋದು ಕೆಎಎಸ್, ಎಫ್‌ಡಿಎ ಪರೀಕ್ಷೆ ಪುಸ್ತಕ. ದಪ್ಪಗಿರ್ತವೆ, ಸಾವಿರಾರು ಒಂದು ಸಾಲಿನ ಪ್ರಶ್ನೋತ್ತರ, ವಾಟರ್ಲೂ ಕದನ ಯಾವಾಗ, 1815, ಮುಂದಕ್ಕೆ. ಪರೀಕ್ಷೆ ಬರೆಯೋ ಡಿಗ್ರಿ ಮುಗಿದೋರಿಗೆ ಅದು ಬೇಕಾಗುತ್ತೆ ಸರಿ, ಆದ್ರೆ ಹದಿನೈದು ವರ್ಷದ ಮಗು ಪ್ರಪಂಚವನ್ನ ಮೊದಲನೇ ಸಲ ನೋಡೋದೇ ಆ ಪುಸ್ತಕದಿಂದ ಆದ್ರೆ ಅದಕ್ಕೆ ಇತಿಹಾಸದ ಮೇಲೆ ಪ್ರೀತಿ ಹುಟ್ಟೋದು ಎಲ್ಲಿಂದ. ಅವನ್ನ ಪಕ್ಕಕ್ಕಿಟ್ಟೆ.

ಅಂಗಡೀಲಿ ನಿಂತ್ಕೊಂಡು ಪುಸ್ತಕ ಪೂರ್ತಿ ಓದೋಕಾಗಲ್ಲ, ಹಾಗಂತ ಮುಖಪುಟ ನೋಡಿ ತಗೊಳೋಕೂ ಆಗಲ್ಲ. ನಾನು ಮಾಡಿದ್ದು ಇಷ್ಟು, ಹಿಂದುಗಡೆ ಪದಸೂಚಿ ಇದ್ರೆ ಅದರಲ್ಲಿ “ಸಕ್ಕರೆ” ಹುಡುಕೋದು, ಇಲ್ಲಾಂದ್ರೆ ಫ್ರೆಂಚ್ ಕ್ರಾಂತಿ ಅಧ್ಯಾಯ ತೆಗೆದು ಅಲ್ಲಿ ಹೈಟಿ ಇದೆಯಾ ನೋಡೋದು. ಯಾಕೆ ಅಂತ ಹೇಳ್ತೀನಿ. ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಅಂತ ಪ್ಯಾರಿಸ್ಸಲ್ಲಿ ಕೂಗ್ತಿದ್ದ ಅದೇ ಹೊತ್ತಲ್ಲಿ ಫ್ರಾನ್ಸಿನ ಕೈಲಿದ್ದ ಸೇಂಟ್ ಡೊಮಿಂಗ್ ಅನ್ನೋ ಕೆರಿಬಿಯನ್ ವಸಾಹತಲ್ಲಿ ಲಕ್ಷಾಂತರ ಆಫ್ರಿಕನ್ನರು ಗುಲಾಮರಾಗಿ ಕಬ್ಬಿನ ತೋಟದಲ್ಲಿ ದುಡೀತಿದ್ರು. 1791ರಲ್ಲಿ ಅವರು ಎದ್ರು, ಟೂಸಾಂ ಲೂವರ್ತೂರ್ ಅಂತ ಒಬ್ಬ, ತಾನೇ ಗುಲಾಮನಾಗಿದ್ದೋನು, ಮುಂದಾಳಾದ, ಕೊನೆಗೆ ನೆಪೋಲಿಯನ್ ಕಳಿಸಿದ ಸೈನ್ಯವನ್ನೂ ಆ ಜನ ಸೋಲಿಸಿದ್ರು, 1804ರ ಜನವರಿ 1ಕ್ಕೆ ಹೈಟಿ ಸ್ವತಂತ್ರ ದೇಶ ಆಯ್ತು. ಅಷ್ಟಕ್ಕೇ ಬಿಡಲಿಲ್ಲ ಫ್ರಾನ್ಸು, 1825ರಲ್ಲಿ ಯುದ್ಧದ ಹಡಗು ತಂದು ನಿಲ್ಲಿಸಿ, ನಮ್ಮ ತೋಟದ ಮಾಲೀಕರಿಗೆ ಲಾಸ್ ಆಗಿದೆ, 15 ಕೋಟಿ ಫ್ರಾಂಕ್ ಕಟ್ಟಿ ಅಂತು, ಆಮೇಲೆ ಅದನ್ನ 9 ಕೋಟಿಗೆ ಇಳಿಸಿದ್ರು, ಆ ಸಾಲ ತಲೆಮಾರುಗಟ್ಟಲೆ ಆ ದೇಶವನ್ನ ಹಿಂಡ್ತು. ಇಷ್ಟು ದೊಡ್ಡ ವಿಷಯ ಒಂದು ಸಾಲೂ ಇಲ್ಲದ ಪುಸ್ತಕದಲ್ಲಿ ಫ್ರೆಂಚ್ ಕ್ರಾಂತಿ ಅರ್ಧ ಮಾತ್ರ ಇದೆ ಅಂತ ನನ್ನ ಲೆಕ್ಕ. ಎಷ್ಟೋ ಪುಸ್ತಕ ಇಲ್ಲೇ ಬಿದ್ದೋದ್ವು, ಒಳ್ಳೇ ಹೆಸರಿರೋ ಪುಸ್ತಕಗಳೂ.

ಸಕ್ಕರೇನ ನಾನು ಹಿಡ್ಕೊಂಡಿದ್ದಕ್ಕೆ ಇನ್ನೊಂದು ಕಾರಣ ನಮ್ಮೂರು. ಮಂಡ್ಯದಲ್ಲಿ ಮೈಶುಗರ್ ಫ್ಯಾಕ್ಟರಿ ಶುರುವಾಗಿದ್ದು 1933ರಲ್ಲಿ, ನಮ್ಮ ಮಕ್ಕಳ ಮನೆಗಳಲ್ಲಿ ಗದ್ದೆ ಇಲ್ಲ ಅಂದ್ರೆ ಕಬ್ಬು, ಕೆಲವರ ಮನೇಲಿ ಆಲೆಮನೇನೇ ಇದೆ. ಇಂಗ್ಲಿಷ್ ಪುಸ್ತಕ ಒಂದರಲ್ಲಿ ಸಕ್ಕರೆ ಬಗ್ಗೆ ಇದ್ದ ಭಾಗವನ್ನ ನಾನು ಕನ್ನಡದಲ್ಲಿ ಬರ್ಕೊಂಡು ಕ್ಲಾಸಲ್ಲಿ ಓದಿ ನೋಡ್ದೆ, ತಗೊಳೋಕೆ ಮುಂಚೆ ಪರೀಕ್ಷೆ ಥರ. ಕಬ್ಬು ನ್ಯೂಗಿನಿ ಕಡೆಯ ಗಿಡ, ಅದರ ರಸದಿಂದ ಹರಳು ಸಕ್ಕರೆ ಮಾಡೋದು ಕಲ್ತಿದ್ದು ಭಾರತದೋರು, ಇಲ್ಲಿಂದ ಪರ್ಷಿಯಾ, ಅರಬರು, ಮೆಡಿಟರೇನಿಯನ್, ಆಮೇಲೆ 1493ರಲ್ಲಿ ಕೊಲಂಬಸ್ ಎರಡನೇ ಸಲ ಹೋಗುವಾಗ ಕಬ್ಬಿನ ತುಂಡನ್ನ ಕೆರಿಬಿಯನ್‌ಗೆ ತಗೊಂಡು ಹೋದ. ಮುಂದಿನ ಸುಮಾರು ಮುನ್ನೂರೈವತ್ತು ವರ್ಷದಲ್ಲಿ ಆಫ್ರಿಕಾದಿಂದ ಹತ್ತಿರ ಹತ್ತಿರ 1 ಕೋಟಿ 25 ಲಕ್ಷ ಜನರನ್ನ ಹಡಗಿಗೆ ತುಂಬಿದ್ರು, ಅವರಲ್ಲಿ ಬಹಳ ಜನ ಹೋಗಿ ಸೇರಿದ್ದು ಕಬ್ಬಿನ ತೋಟಕ್ಕೆ. ಅಲ್ಲಿ ಕಟಾವಿನ ಕಾಲದಲ್ಲಿ ಹಗಲು ರಾತ್ರಿ ಗಾಣ ನಿಲ್ತಿರ್ಲಿಲ್ಲ, ಕೆಲಸದೋರಿಗೆ ನಿದ್ದೆ ಇರ್ಲಿಲ್ಲ ಅಂತ ಓದ್ದೆ. ಹಿಂದಿನ ಬೆಂಚಿನ ಒಬ್ಬ ಹುಡುಗ, ಆಲೆಮನೆ ಮನೆಯೋನು, ಕ್ಲಾಸಲ್ಲಿ ಬಾಯೇ ಬಿಡ್ದೋನು, ಎದ್ದು ನಿಂತು, “ನಿಲ್ಲಿಸಂಗಿಲ್ಲ ಮಿಸ್, ಕಡ್ದ ಕಬ್ಬು ಇಟ್ರೆ ಒಣಗೋಯ್ತದೆ, ಸಿಹಿ ಇಳೀತದೆ, ಅವತ್ತಿಂದವತ್ತೇ ಅರೀಬೇಕು” ಅಂದ. ಅದೇ ಕಾರಣಕ್ಕೇ ಕೆರಿಬಿಯನ್ ತೋಟದೋರು ಗಾಣಾನ ತೋಟದೊಳಗೇ ಕಟ್ತಿದ್ರು, ಆ ಅವಸರದಲ್ಲೇ ಜನರನ್ನ ಸಾಯೋ ಹಂಗೆ ದುಡಿಸ್ತಿದ್ರು. ಗಾಣದ ಉರುಳೆ ಪಕ್ಕ ಒಂದು ಕೊಡಲಿ ಇಟ್ಟಿರ್ತಿದ್ರಂತೆ, ನಿದ್ದೆಗಣ್ಣಲ್ಲಿ ಯಾರದ್ದಾದ್ರೂ ಕೈ ಸಿಕ್ಕಿದ್ರೆ ತೋಳು ಕಡಿದು ಜೀವ ಉಳ್ಸೋಕೆ. ಅದನ್ನ ಓದಿದಾಗ ಕ್ಲಾಸು ಪೂರ್ತಿ ಆ ಹುಡುಗನ ಕಡೆ ತಿರುಗಿ ನೋಡ್ತು, ಯಾಕಂದ್ರೆ ಉರುಳೆ ಅಂದ್ರೆ ಏನು, ಕೈ ಸಿಕ್ಕಿಹಾಕ್ಕೊಳೋದು ಅಂದ್ರೆ ಏನು ಅಂತ ಅಲ್ಲಿರೋರಿಗೆ ಗೊತ್ತು. ಅವತ್ತೇ ಆ ಪುಸ್ತಕ ನನ್ನ ಲಿಸ್ಟಿಗೆ ಸೇರ್ತು.

ಮುಂದಿನದು ಆಫ್ರಿಕಾ. ಬಹಳ ಪುಸ್ತಕಗಳಲ್ಲಿ ಈಜಿಪ್ಟ್ ಆದ್ಮೇಲೆ ಆಫ್ರಿಕಾ ಮಾಯ, ಆಮೇಲೆ ಬರೋದು ಗುಲಾಮರ ಹಡಗು ಜೊತೆಗೇ. ಮಧ್ಯೆ ಸಾವಿರಾರು ವರ್ಷ ಅಲ್ಲಿ ಏನೂ ಆಗ್ಲೇ ಇಲ್ವ? ಮಾಲಿ ದೇಶದ ರಾಜ ಮಾನ್ಸಾ ಮೂಸಾ 1324ರಲ್ಲಿ ಮೆಕ್ಕಾಕ್ಕೆ ಹೋಗುವಾಗ ಕೈರೋದಲ್ಲಿ ಎಷ್ಟು ಚಿನ್ನ ಹಂಚಿದ ಅಂದ್ರೆ ಆ ಊರಲ್ಲಿ ಚಿನ್ನದ ಬೆಲೆನೇ ಬಿದ್ದೋಯ್ತು. ಗ್ರೇಟ್ ಜಿಂಬಾಬ್ವೆ ಅಂತ ಗಾರೆ ಇಲ್ಲದೆ ಕಲ್ಲು ಜೋಡಿಸಿ ಕಟ್ಟಿದ ನಗರ ಇದೆ, ಅದನ್ನ ಆಫ್ರಿಕನ್ನರೇ ಕಟ್ಟಿದ್ರು ಅಂತ ಒಪ್ಕೊಳೋಕೆ ಅಲ್ಲಿ ಆಳ್ತಿದ್ದ ಬಿಳಿಯರಿಗೆ ಎಷ್ಟೋ ವರ್ಷ ಮನಸ್ಸೇ ಬರ್ಲಿಲ್ಲ. ನಮ್ಮ ಮಕ್ಕಳಿಗೆ ನಾನು ಇದನ್ನ ರಾಗಿಯಿಂದ ಶುರು ಮಾಡ್ತೀನಿ. ರಾಗೀನ ಮೊದಲು ಬೆಳೆದು ಪಳಗಿಸಿದ್ದು ಪೂರ್ವ ಆಫ್ರಿಕಾದ ಎತ್ತರದ ನಾಡಲ್ಲಿ, ಇಥಿಯೋಪಿಯಾ, ಉಗಾಂಡ ಕಡೆ, ಅಲ್ಲಿಂದ ಸಾವಿರಾರು ವರ್ಷದ ಹಿಂದೆ ನಮ್ಮ ಕಡೆಗೆ ಬಂತು. ದಿನಾ ಮುದ್ದೆ ಉಣ್ಣೋ ಮಗುಗೆ ಇದು ಗೊತ್ತಾದ್ರೆ “ಆಫ್ರಿಕಾದೋರು ಯಾಕೆ ಬಡವ್ರು” ಅನ್ನೋ ಪ್ರಶ್ನೇನೇ ಬೇರೆ ಥರ ಕೇಳುತ್ತೆ. ಮುದ್ದೆ ಆಫ್ರಿಕಾದ್ದು, ಸಾರಿಗೆ ಹಾಕೋ ಮೆಣಸಿನಕಾಯಿ, ಟೊಮೆಟೊ ಅಮೆರಿಕಾದ್ದು, 1492ರ ಮುಂಚೆ ನಮ್ಮೂರಲ್ಲಿ ಯಾರೂ ಕಂಡೇ ಇರ್ಲಿಲ್ಲ. ಹಾಗಾಗಿ 1500ಕ್ಕೆ ಮುಂಚಿನ ಆಫ್ರಿಕಾಕ್ಕೆ ಒಂದು ಅಧ್ಯಾಯನಾದ್ರೂ ಇಲ್ಲದ ಪುಸ್ತಕ ತಗೊಳ್ಳಲ್ಲ ಅಂತ ಮಾಡ್ಕೊಂಡೆ. ಚೀನಾಕ್ಕೂ ಹಂಗೇ, ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ 1498ನ್ನ ದೊಡ್ಡ ಅಕ್ಷರದಲ್ಲಿ ಹಾಕಿ, ಅದಕ್ಕೂ ಎಷ್ಟೋ ವರ್ಷ ಮುಂಚೆ, 1405ರಿಂದ 1433ರ ನಡುವೆ, ದೊಡ್ಡ ಹಡಗುಪಡೆ ಕಟ್ಕೊಂಡು ಅದೇ ಕಲ್ಲಿಕೋಟೆಗೆ ಬಂದು ಹೋಗಿದ್ದ ಚೀನಾದ ಝೆಂಗ್ ಹೆ ಹೆಸರೇ ಎತ್ತದ ಪುಸ್ತಕ ನಂಗೆ ಬೇಡ.

ಇನ್ನೊಂದು ನೋಡಿದ್ದು, ಇದೆಲ್ಲಾ ಹೆಂಗೆ ಗೊತ್ತಾಯ್ತು ಅಂತ ಪುಸ್ತಕ ಹೇಳುತ್ತಾ ಅಂತ. ಮಕ್ಕಳು ಇದನ್ನ ಕೇಳೇ ಕೇಳ್ತವೆ, “ನೀವು ನೋಡಿದ್ರಾ ಮಿಸ್?” ಅಂತ. ಪಿರಮಿಡ್ ಕೂಲಿ ಪ್ರಶ್ನೆಗೆ ಉತ್ತರ ಇರೋದೂ ಇಲ್ಲೇ. ಗೀಜಾದಲ್ಲಿ ಪಿರಮಿಡ್ ಹತ್ರಾನೇ ಕೆಲಸಗಾರರ ಊರು ಅಗೆದು ತೆಗ್ದಿದ್ದಾರೆ, ರೊಟ್ಟಿ ಸುಡ್ತಿದ್ದ ಜಾಗ, ಅವರ ಗೋರಿ, ಮುರಿದ ಮೂಳೆ ಕೂಡಿಸಿ ವಾಸಿ ಮಾಡಿದ ಗುರುತು ಎಲ್ಲಾ ಸಿಕ್ಕಿದೆ. ಅದಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷ ಆದ್ಮೇಲೆ, ಮೂರನೇ ರಾಮೆಸೀಸ್ ಕಾಲದಲ್ಲಿ, ರಾಜರ ಗೋರಿ ಕೊರೆಯೋ ಕೆಲಸದೋರು ತಿಂಗಳ ಕಾಳು ಬರ್ಲಿಲ್ಲ ಅಂತ ಕೆಲಸ ನಿಲ್ಲಿಸಿ ಧರಣಿ ಕೂತಿದ್ದು ಪಪೈರಸ್ ಅನ್ನೋ ಜೊಂಡಿನ ಹಾಳೆ ಮೇಲೆ ಬರೆದಿಟ್ಟಿರೋದು ಸಿಕ್ಕಿದೆ. ಗೊತ್ತಿರೋ ಮಟ್ಟಿಗೆ ಪ್ರಪಂಚದಲ್ಲಿ ದಾಖಲಾದ ಮೊದಲನೇ ಮುಷ್ಕರ ಅದು. ಫ್ಯಾಕ್ಟರಿ ಬಾಕಿ ದುಡ್ಡಿಗೆ ರಸ್ತೇಲಿ ಕೂತ ಅಪ್ಪಂದಿರನ್ನ ನೋಡಿರೋ ಮಕ್ಕಳು ಇವು, ಮೂರು ಸಾವಿರ ವರ್ಷದ ಹಿಂದಿನ ಆ ಮನುಷ್ಯನ್ನ ಅರ್ಥ ಮಾಡ್ಕೊಳೋಕೆ ಅವಕ್ಕೆ ನನ್ನ ಸಹಾಯ ಬೇಕಾಗಿಲ್ಲ, ಅದನ್ನ ಹೇಳೋ ಪುಸ್ತಕ ಕೈಗೆ ಸಿಕ್ಕಿದ್ರೆ ಸಾಕು. ಮೈಸೂರಲ್ಲೇ ಇದಕ್ಕೆ ಒಂದು ದೊಡ್ಡ ಉದಾಹರಣೆ ಇದೆ, ಕೌಟಿಲ್ಯನ ಅರ್ಥಶಾಸ್ತ್ರ ಕಳೆದೇ ಹೋಗಿದೆ ಅಂದ್ಕೊಂಡಿದ್ದಾಗ ಅದರ ತಾಳೆಗರಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿದ್ದು ಇಲ್ಲಿನ ಓರಿಯಂಟಲ್ ಲೈಬ್ರರೀಲಿ, 1909ರಲ್ಲಿ ಅಚ್ಚಾಯ್ತು. ಟ್ರಿಪ್ಪಿಗೆ ಅರಮನೆ, ಝೂ ತೋರಿಸಿ ವಾಪಸ್ ಬರ್ತೀವಲ್ಲ, ಈ ಸಲ ಆ ಬಿಲ್ಡಿಂಗ್ ಮುಂದೆ ಐದು ನಿಮಿಷ ನಿಲ್ಲಿಸ್ದೆ.

ಶ್ರೀರಂಗಪಟ್ಟಣ ಪಕ್ಕದಲ್ಲೇ ಇಟ್ಕೊಂಡು ಪ್ರಪಂಚದ ಇತಿಹಾಸ ಎಲ್ಲೋ ದೂರದ್ದು ಅಂತ ಮಕ್ಕಳು ಅಂದ್ಕೊಂಡಿರೋದೇ ನಂಗೆ ಸಂಕಟ. ಅಮೆರಿಕಾ ಸ್ವಾತಂತ್ರ್ಯ ಯುದ್ಧದ ಅಧ್ಯಾಯದಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ 1781ರಲ್ಲಿ ಯಾರ್ಕ್‌ಟೌನಲ್ಲಿ ಶರಣಾದ ಅಂತ ಓದ್ತಾರೆ, ಅಲ್ಲಿಗೆ ಅವನು ಮುಗಿದ. ಭಾರತದ ಇತಿಹಾಸದಲ್ಲಿ ಕಾರ್ನ್‌ವಾಲಿಸ್ ಬಂದು 1792ರಲ್ಲಿ ಶ್ರೀರಂಗಪಟ್ಟಣ ಮುತ್ತಿ, ಟಿಪ್ಪು ಹತ್ರ ಅರ್ಧ ರಾಜ್ಯ ಕಿತ್ಕೊಂಡು ಇಬ್ಬರು ಮಕ್ಕಳನ್ನ ಒತ್ತೆ ಇಟ್ಕೊಂಡ ಅಂತ ಓದ್ತಾರೆ. ಇಬ್ಬರೂ ಒಬ್ಬನೇ ಅಂತ ಹೇಳಿದಾಗ ಮಕ್ಕಳು ನಂಬ್ಲೇ ಇಲ್ಲ. ನಾವು ಒಂದು ದೊಡ್ಡ ಡ್ರಾಯಿಂಗ್ ಶೀಟಲ್ಲಿ 1799 ಅಂತ ಬರೆದು ಲೈಬ್ರರಿ ಗೋಡೆಗೆ ಅಂಟಿಸಿದ್ವಿ, ಯಾವ ಪುಸ್ತಕದಲ್ಲಿ ಆ ವರ್ಷದ್ದು ಏನು ಸಿಕ್ಕಿದ್ರೂ ಅಲ್ಲಿ ಬರೀಬೇಕು. ಜನವರೀಲಿ ನೆಪೋಲಿಯನ್ ಕೈರೋದಿಂದ ಟಿಪ್ಪುಗೆ ಕಾಗದ ಬರೆದ, ಅದು ಇಲ್ಲಿಗೆ ಮುಟ್ಟಲೇ ಇಲ್ಲ, ದಾರೀಲೇ ಬ್ರಿಟಿಷರ ಕೈಗೆ ಸಿಕ್ತು. ಮೇ 4ಕ್ಕೆ ಟಿಪ್ಪು ಸತ್ತ. ಜುಲೈಲಿ ಈಜಿಪ್ಟಲ್ಲಿ ನೆಪೋಲಿಯನ್ ಸೈನಿಕರಿಗೆ ರೊಸೆಟ್ಟಾ ಕಲ್ಲು ಸಿಕ್ತು, ಒಂದೇ ಬರಹಾನ ಈಜಿಪ್ಟಿನ ಚಿತ್ರಲಿಪೀಲೂ ಗ್ರೀಕಲ್ಲೂ ಕೊರೆದಿದ್ದ ಕಲ್ಲು, 1822ರಲ್ಲಿ ಶಾಂಪೋಲಿಯನ್ ಅನ್ನೋ ಫ್ರೆಂಚ್ ವಿದ್ವಾಂಸ ಆ ಚಿತ್ರಲಿಪಿ ಓದಿದ್ದು ಅದರ ಸಹಾಯದಿಂದಲೇ. ನವೆಂಬರಲ್ಲಿ ನೆಪೋಲಿಯನ್ ಪ್ಯಾರಿಸ್ಸಲ್ಲಿ ಅಧಿಕಾರ ಹಿಡಿದ. ಡಿಸೆಂಬರಲ್ಲಿ ಜಾರ್ಜ್ ವಾಷಿಂಗ್ಟನ್ ತೀರ್ಕೊಂಡ. ಶ್ರೀರಂಗಪಟ್ಟಣ ಗೆದ್ದ ಸೈನ್ಯದಲ್ಲಿದ್ದ ಆರ್ಥರ್ ವೆಲ್ಲೆಸ್ಲಿನೇ 16 ವರ್ಷ ಆದ್ಮೇಲೆ ವಾಟರ್ಲೂನಲ್ಲಿ ನೆಪೋಲಿಯನ್ನ ಸೋಲಿಸಿದ್ದು. ಶ್ರೀರಂಗಪಟ್ಟಣದಲ್ಲೇ ಕಾವೇರಿ ಹತ್ರ ಗ್ಯಾರಿಸನ್ ಸಿಮೆಟ್ರಿ ಅಂತ ಇದೆ, ಬಹಳ ಜನ ಹೋಗಲ್ಲ, ಅಲ್ಲಿ ಡಿ ಮ್ಯೂರಾನ್ ಅಂತ ಸ್ವಿಸ್ ರೆಜಿಮೆಂಟಿನೋರ ಸಮಾಧಿಗಳಿದಾವೆ, ಸ್ವಿಟ್ಜರ್ಲೆಂಡಿಂದ ಸಂಬಳಕ್ಕೆ ಬಂದ ಸೈನಿಕರು, ಮೊದಲು ಸಿಲೋನಲ್ಲಿ ಡಚ್ಚರ ಕೈಲಿದ್ದು ಆಮೇಲೆ ಬ್ರಿಟಿಷರ ಕಡೆ ಬಂದು ಇಲ್ಲಿ ಹೋರಾಡಿ ಇಲ್ಲೇ ಮಣ್ಣಾದೋರು. ಇಂಥ ಎಳೆಗಳನ್ನ ಕೈಗೆ ಸಿಗೋ ಹಂಗೆ ಇಟ್ಟಿರೋ ಪುಸ್ತಕ ನಂಗೆ ಬೇಕಿತ್ತು, ದೇಶ ದೇಶಾನೂ ಬೇರೆ ಬೇರೆ ಡಬ್ಬೀಲಿ ಹಾಕಿ ಮುಚ್ಚಳ ಮುಚ್ಚಿದ ಪುಸ್ತಕ ಅಲ್ಲ. ಮೊದಲನೇ ಮಹಾಯುದ್ಧಕ್ಕೂ ಇದೇ ಅಳತೆ, ಸಮುದ್ರ ದಾಟಿ ಹೋದ 10 ಲಕ್ಷಕ್ಕೂ ಹೆಚ್ಚು ಭಾರತೀಯ ಸೈನಿಕರ ಮಾತೇ ಇಲ್ಲ ಅಂದ್ರೆ ವಾಪಸ್ ಇಟ್ಬಿಡ್ತಿದ್ದೆ. 1918ರ ಸೆಪ್ಟೆಂಬರ್ 23ಕ್ಕೆ ಈಗಿನ ಇಸ್ರೇಲಲ್ಲಿರೋ ಹೈಫಾ ಊರನ್ನ ಗೆದ್ದ ಕುದುರೆ ಪಡೇಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ರು, ದಿಲ್ಲಿಯ ತೀನ್ ಮೂರ್ತೀಲಿ ನಿಂತಿರೋ ಮೂರರಲ್ಲಿ ಒಂದು ಮೂರ್ತಿ ಅವರದ್ದು.

ಇಂಗ್ಲಿಷಲ್ಲಿ ಕೊನೆಗೆ ಉಳಿದ ಎರಡು ದೊಡ್ಡ ಹೆಸರಿನ ಬಗ್ಗೆ ನನ್ನ ಅಭಿಪ್ರಾಯ ಹೇಳ್ತೀನಿ. ನೆಹರೂ ಅವರ ಗ್ಲಿಂಪ್ಸಸ್ ಆಫ್ ವರ್ಲ್ಡ್ ಹಿಸ್ಟರಿ, 1930ರಿಂದ 1933ರವರೆಗೆ ಹೆಚ್ಚಾಗಿ ಜೈಲಲ್ಲೇ ಕೂತು ಮಗಳಿಗೆ ಬರೆದ 196 ಪತ್ರ, ಮೊದಲನೇದು ಇಂದಿರಾ ಅವರ 13ನೇ ಹುಟ್ಟುಹಬ್ಬಕ್ಕೆ. ಸಾವಿರ ಪುಟದ ಹತ್ತಿರ ಇದೆ, ಮಕ್ಕಳು ಪೂರ್ತಿ ಓದಲ್ಲ, ಆದ್ರೆ ಒಂದೊಂದು ಪತ್ರಾನೂ ಬಿಡಿಯಾಗಿ ಓದಬಹುದು, ಜೊತೆಗೆ ಚೀನಾ, ಮಂಗೋಲರು, ಜಾವಾ ಎಲ್ಲಾ ಯುರೋಪಿನ ಪಕ್ಕ ಸಮಸಮಾ ಕೂತಿದಾವೆ, ಆ ಕಾಲಕ್ಕೆ ಅದು ಸಣ್ಣ ವಿಷಯ ಅಲ್ಲ. ಎರಡನೇ ಮಹಾಯುದ್ಧಕ್ಕೆ ಮುಂಚಿನದು ಅನ್ನೋದು ನೆನಪಿಟ್ಕೊಂಡು ಓದ್ಬೇಕು ಅಷ್ಟೆ. ಇನ್ನೊಂದು ಗೊಂಬ್ರಿಕ್ ಅವರದ್ದು, ಎ ಲಿಟಲ್ ಹಿಸ್ಟರಿ ಆಫ್ ದಿ ವರ್ಲ್ಡ್, ವಿಯೆನ್ನಾದಲ್ಲಿ ಚಿಕ್ಕ ವಯಸ್ಸಲ್ಲಿ ಆರೇ ವಾರದಲ್ಲಿ ಬರೆದಿದ್ದಂತೆ, ಜರ್ಮನ್ ಭಾಷೇಲಿ 1935ರ ಸುಮಾರಿಗೆ ಬಂತು, ಯುದ್ಧದ ವಿರುದ್ಧ ಇದೆ ಅಂತ ನಾಜಿಗಳು ನಿಲ್ಲಿಸಿದ್ರು, ಇಂಗ್ಲಿಷಿಗೆ ಬಂದಿದ್ದು 2005ರಲ್ಲಿ. ಮಗು ಜೊತೆ ಮಾತಾಡೋ ಹಂಗೆ ಬರೆಯೋದ್ರಲ್ಲಿ ಅದನ್ನ ಮೀರ್ಸೋದು ಕಷ್ಟ. ಆದ್ರೆ ಯುರೋಪ್ ಜಾಸ್ತಿ, ಆಫ್ರಿಕಾ ಕಮ್ಮಿ, ನನ್ನ ಅಳತೇಲಿ ಅದು ಪಾಸಾಗಲ್ಲ. ಆದ್ರೂ ತಗೊಂಡೆ, ಭಾಷೆಗೋಸ್ಕರ, ಇತಿಹಾಸ ಹೇಳೋದು ಹೆಂಗೆ ಅಂತ ಮೇಷ್ಟ್ರುಗಳು ಕಲಿಯೋಕೆ.

ನಮ್ಮ ಮಕ್ಕಳದ್ದು ಕನ್ನಡ ಮೀಡಿಯಂ. ಇಂಗ್ಲಿಷ್ ಪುಸ್ತಕ ಬೀರುವಿನಲ್ಲಿ ಇಟ್ರೆ ಅದು ಅಲ್ಲೇ ಇರುತ್ತೆ. ಅದಕ್ಕೆ ನಾವು ಮಾಡ್ಕೊಂಡ ದಾರಿ, ಇಂಗ್ಲಿಷಿಂದು ಒಂದೊಂದೇ ಪ್ರತಿ, ಅದರಿಂದ ನಾನೂ ಕನ್ನಡ ಮೇಷ್ಟ್ರೂ ಎರಡೆರಡು ಪುಟದ ಕನ್ನಡ ಬರಹ ಮಾಡಿ ಜೆರಾಕ್ಸ್ ಹಾಕಿಸ್ತೀವಿ. ಹನ್ನೊಂದನೇ ಕ್ಲಾಸಿನ ಎನ್‌ಸಿಇಆರ್‌ಟಿ ಪುಸ್ತಕ, ಥೀಮ್ಸ್ ಇನ್ ವರ್ಲ್ಡ್ ಹಿಸ್ಟರಿ, ಅದನ್ನೂ ಹಿಂಗೇ ಬಳಸ್ತೀವಿ, ಮೆಸೊಪೊಟೇಮಿಯಾ ನಗರಗಳು, ಮಂಗೋಲರ ಬಗ್ಗೆ ಅದರಲ್ಲಿರೋ ಅಧ್ಯಾಯ ಬಹಳ ಚೆನ್ನಾಗಿದೆ, ದುಡ್ಡೂ ಇಲ್ಲದೆ ಪಿಡಿಎಫ್ ಸಿಗುತ್ತೆ.

ಕನ್ನಡದಲ್ಲಿ ಏನಿದೆ ಅಂತ ಹುಡುಕಿದಾಗ ಸಿಕ್ಕಿದ್ದು ಹಳೇ ಕಾಲದೋರು ಮಾಡಿಟ್ಟ ದೊಡ್ಡ ಕೆಲಸಗಳು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ, 14 ಸಂಪುಟ, ಈಗ ವಿಕಿಸೋರ್ಸಲ್ಲಿ ಬಿಟ್ಟಿಯಾಗೇ ಓದಬಹುದು, ಬೇಕಾದ ಲೇಖನ ಪ್ರಿಂಟ್ ತೆಗೆದು ಫೈಲ್ ಮಾಡಿದ್ವಿ. ನಿರಂಜನ ಅವರು ಸಂಪಾದಿಸಿದ ಕಿರಿಯರ ವಿಶ್ವಕೋಶ ಜ್ಞಾನಗಂಗೋತ್ರಿ, ಏಳು ಸಂಪುಟ, ಹಳೇ ಪುಸ್ತಕದ ಅಂಗಡೀಲಿ ಬಿಡಿ ಸಂಪುಟ ಸಿಕ್ತು, ಧೂಳು ಒರೆಸಿ ತಗೊಂಡೆ. ಅವರೇ ಮಾಡಿದ ವಿಶ್ವಕಥಾಕೋಶದ 25 ಸಂಪುಟ ಇತಿಹಾಸದ ಪುಸ್ತಕ ಅಲ್ಲ, ದೇಶ ದೇಶದ ಸಣ್ಣಕಥೆಗಳು, ಆದ್ರೆ ಒಂದು ದೇಶದ ಹೆಸರು ಮಗು ಮನಸ್ಸಲ್ಲಿ ನಿಲ್ಲಬೇಕು ಅಂದ್ರೆ ಅಲ್ಲಿನ ಒಂದು ಮನೆಯೊಳಗೆ ಹೋಗಿ ಬಂದಿರಬೇಕು, ಅದಕ್ಕೆ ಕಥೆನೇ ಆಗ್ಬೇಕು. ನಮ್ಮ ದುಡ್ಡಿಗೆ ಬಂದಷ್ಟು ಸಂಪುಟ ತಗೊಂಡೆ.

ಹಿಟ್ಲರ್ ಚೀಟಿ ಬರೆದ ಮಗುಗೆ ಏನು ಕೊಡೋದು ಅಂತ ಬಹಳ ಯೋಚಿಸ್ದೆ, ಅಂಗಡೀಲಿ ಹಿಟ್ಲರ್ ಬಗ್ಗೆ ಸಿಗೋ ಕನ್ನಡ ಪುಸ್ತಕಗಳಲ್ಲಿ ಕೆಲವು ಅವನನ್ನ ಸಾಹಸಿ ಥರ ತೋರಿಸ್ತವೆ, ನಂಗೆ ಅದು ಭಯ ಆಯ್ತು. ನಾಜಿಗಳಿಗೆ ಹೆದರಿ ಬಚ್ಚಿಟ್ಕೊಂಡಿದ್ದ ಯಹೂದಿ ಹುಡುಗಿ ಆನ್ ಫ್ರಾಂಕ್‌ದು ಡೈರಿ ತಗೊಂಡೆ. ಅವಳಿಗೂ ಆ ಡೈರಿ ಸಿಕ್ಕಿದ್ದು 13ನೇ ಹುಟ್ಟುಹಬ್ಬಕ್ಕೆ, 1942ರ ಜೂನ್ 12, ಕೊನೇ ಬರಹ 1944ರ ಆಗಸ್ಟ್ 1. ಅದಾಗಿ ಮೂರು ದಿನಕ್ಕೆ ಅವಳನ್ನ ಹಿಡ್ಕೊಂಡು ಹೋದ್ರು, ಮುಂದಿನ ವರ್ಷ ಬರ್ಗನ್ ಬೆಲ್ಸನ್ ಕ್ಯಾಂಪಲ್ಲಿ ಸತ್ಲು. ಒಂಬತ್ತನೇ ಕ್ಲಾಸಿನ ಒಂದು ಹುಡುಗಿ ಓದಿ ಮುಗಿಸಿ ಬಂದು, “ಮಿಸ್, ಇವ್ಳ ಅಕ್ಕಪಕ್ಕದ ಮನೆಯೋರಿಗೆ ಗೊತ್ತಿತ್ತಾ?” ಅಂತ ಕೇಳಿದ್ಲು. ಯಾರೂ ಯಾಕೆ ತಡೀಲಿಲ್ಲ ಅನ್ನೋ ಪ್ರಶ್ನೆ ಹತ್ತಿರಕ್ಕೆ ಬಂದ್ರೆ ಹಿಂಗೇ ಇರುತ್ತೆ, ಅದಕ್ಕೆ ಉತ್ತರ ಹುಡುಕ್ತಾ ನಾವು 1933ರ ಜರ್ಮನಿ ತನಕ ಹಿಂದಕ್ಕೆ ಹೋದ್ವಿ, ಕೆಲಸ ಇಲ್ಲದ ಲಕ್ಷಾಂತರ ಜನ, ಹೆದರಿದ ಜನ, ನಮಗ್ಯಾಕೆ ಅಂತ ಸುಮ್ನಿದ್ದ ಜನ.

ಕೊನೇ ಲಿಸ್ಟ್ ಮಾಡೋಕೆ ಮುಂಚೆ ಸ್ನೇಹಿತರ ಹತ್ರ, ಬೇರೆ ಲೈಬ್ರರಿಯಿಂದ ಎರವಲು ತಂದ ಪ್ರತಿಗಳನ್ನ ಲೈಬ್ರರಿ ಟೇಬಲ್ ಮೇಲೆ ಸುಮ್ನೆ ಹರಡಿದ್ವಿ, ಓದಿ ಅಂತ ಯಾರಿಗೂ ಹೇಳ್ಲಿಲ್ಲ. ಹೊಳೆಯೋ ಪೇಪರಲ್ಲಿ ಕಲರ್ ಚಿತ್ರ ತುಂಬಿರೋ ಪುಸ್ತಕಾನ ಎಲ್ಲರೂ ತಿರುವಿ ಹಾಕಿದ್ರು, ಆದ್ರೆ ಮನೆಗೆ ಕೊಡಿ ಮಿಸ್ ಅಂತ ಕೇಳಿದ್ದು ಕಥೆ ಇದ್ದ ತೆಳ್ಳನೆ ಪುಸ್ತಕಗಳನ್ನ. ಸೆಕೆಂಡ್ ಪಿಯುಸಿ ಹುಡುಗ್ರು ಮ್ಯಾಪ್ ಇರೋ ಪುಟದಲ್ಲೇ ಕೂತಿದ್ರು. ಆ ಬೆಲೆ ಜಾಸ್ತಿ ಇದ್ದ ಕಲರ್ ಪುಸ್ತಕ ಬಿಟ್ಟು ಅದೇ ದುಡ್ಡಿಗೆ ತೆಳ್ಳನೇವು ಜಾಸ್ತಿ ತಗೊಂಡ್ವಿ, ಕೇಳಿದವಕ್ಕೆ ಎರಡೆರಡು ಪ್ರತಿ. ಬಿಲ್ಲು, ಡಿಸ್ಕೌಂಟು, ರಿಜಿಸ್ಟರ್ ಎಂಟ್ರಿ, ಸೀಲು, ಅದೆಲ್ಲ ಒಂದು ಮಧ್ಯಾಹ್ನದಲ್ಲಿ ಮುಗೀತು, ಸೀಲ್ ಹೊಡೆಯೋಕೆ ಮಕ್ಕಳೇ ಮುಗಿಬಿದ್ರು. ಬೀರು ಬೀಗದ ಕೈ ಈಗ ಸ್ಟಾಫ್ ರೂಮಲ್ಲಿಲ್ಲ, ಫಸ್ಟ್ ಪಿಯುಸಿಯ ಇಬ್ಬರು ಹುಡುಗೀರ ಹತ್ರ ಇದೆ, ಯಾರು ಯಾವುದು ತಗೊಂಡ್ರು ಅಂತ ಅವರೇ ಬರ್ಕೊತಾರೆ.

ಇನ್ನೂ ಸಿಗದೇ ಇರೋದು ಬಹಳ ಇದೆ. ಲ್ಯಾಟಿನ್ ಅಮೆರಿಕಾ ಬಗ್ಗೆ, 1500ಕ್ಕೆ ಮುಂಚಿನ ಆಫ್ರಿಕಾ ಬಗ್ಗೆ, ಆಗ್ನೇಯ ಏಷ್ಯಾ ಬಗ್ಗೆ ಹೈಸ್ಕೂಲು ಮಕ್ಕಳು ತಾವೇ ಓದ್ಕೊಳೋ ಹಂಗೆ ಕನ್ನಡದಲ್ಲಿ ಬರೆದ ಪುಸ್ತಕ ನಾನು ನೋಡಿದ ಅಂಗಡಿಗಳಲ್ಲಿ ಸಿಗ್ಲಿಲ್ಲ, ಅಂಥದ್ದು ಯಾರಾದ್ರೂ ಬರೆದಿದ್ರೆ, ಬರೀತಿದ್ರೆ, ನಮ್ಮ ಕಾಲೇಜು ಮೊದಲನೇ ಪ್ರತಿ ತಗೊಳುತ್ತೆ. ರಾಜ್ರು ಯುದ್ಧಕ್ಕೆ ಹೋದಾಗ ಹೊಲ ಯಾರು ನೋಡ್ಕೊತಿದ್ರು ಅನ್ನೋ ಚೀಟಿಗೂ ಪೂರ್ತಿ ಉತ್ತರ ಕೊಡೋ ಪುಸ್ತಕ ಸಿಕ್ಕಿಲ್ಲ, ಅದಕ್ಕೆ ಯುರೋಪಿನ ಜೀತದಾಳುಗಳು, ಜಪಾನಿನ ರೈತರ ಬಗ್ಗೆ ಒಂದು ಜೆರಾಕ್ಸ್ ಬರಹ ಮಾಡ್ತಾ ಇದ್ದೀನಿ. ಇತಿಹಾಸದ ಅಟ್ಲಾಸ್ ಮಾತ್ರ ಬೆಲೆ ಜಾಸ್ತಿ, ಈ ಸಲ ಆಗ್ಲಿಲ್ಲ, ಹಳೇ ವಿದ್ಯಾರ್ಥಿಗಳ ಬಳಗದೋರಿಗೆ ಹೇಳಿದ್ದೀನಿ, ಜೂನಲ್ಲಿ ಹೊಸ ಬ್ಯಾಚ್ ಬರೋಷ್ಟರಲ್ಲಿ ತರಿಸ್ಬೇಕು.